ಠಸ್ಸೆ ಸಾಹೇಬರು ಕಲಿತ ಒಂದೇ ಒಂದು ಮಾತು

ವಿಮಾನ ನಿಲ್ದಾಣದ ಏಳನೇ ಕೌಂಟರಿನಲ್ಲಿ ಠಸ್ಸೆ ಸಾಹೇಬರು ಇಪ್ಪತ್ತೆರಡು ವರ್ಷ ಕೂತರು. ಪರದೇಶದಿಂದ ಬಂದಿಳಿದವರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಿ ಪಾಸ್‌ಪೋರ್ಟಿಗೆ ಠಸ್ಸೆ ಒತ್ತುವುದು ಅವರ ಕೆಲಸ. ಆ ಹೆಸರು ನಾನಿಟ್ಟದ್ದು. ಅವರಿಗೆ ಗೊತ್ತಾಗಿದ್ದರೆ ಅದಕ್ಕೂ ಒಂದು ಅರ್ಜಿ ತುಂಬಿಸುತ್ತಿದ್ದರು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರು ಬಂದಾಗ ಸಾಹೇಬರ ಎಡಗಡೆಯ ಸ್ಟೂಲಿನಲ್ಲಿ ಕೂತು ಈ ಮಾತನ್ನು ಅತ್ತ, ಆ ಮಾತನ್ನು ಇತ್ತ ದಾಟಿಸುವುದು ನನ್ನ ಕೆಲಸ. ಸಾಹೇಬರಿಗೆ ಒರಗುವ ಕುರ್ಚಿ, ನನಗೆ ಸ್ಟೂಲು. ದುಭಾಷಿಗೆ ಬೆನ್ನು ಇರುವುದಿಲ್ಲವೆಂದು ಸರ್ಕಾರದ ನಂಬಿಕೆ ಇರಬೇಕು.

ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಲು ಕೊಂಚ ಸ್ವಂತ ಬುದ್ಧಿ ಬೇಕು, ಅದಕ್ಕೆ ನಿಯಮದಲ್ಲಿ ಅವಕಾಶವಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು, ಠಸ್ಸೆಯ ದಿನಾಂಕ ತಿರುಗಿಸಿ, ಬಿಳಿ ಹಾಳೆಯೊಂದರ ಮೇಲೆ ಒತ್ತಿ ನೋಡಿ, ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬುಟ್ಟಿಗೆ ಹಾಕುತ್ತಿದ್ದರು. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಊಟ. ಎರಡು ತುಂಡು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ, ಗೋಡೆಗೆ ಮುಖ. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಬಾಯಿ ಸುಮ್ಮನಿರಲಾರದೆ, "ಊಟ ಆಯ್ತಾ ಸಾರ್?" ಎಂದು ಅವರ ಭಾಷೆಯಲ್ಲೇ ಕೇಳಿಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು.

"ಯಾಕೆ, ಯಾರಾದ್ರೂ ದೂರು ಕೊಟ್ಟಿದಾರಾ?" ಎಂದರು.

ಈ ದೇಶದಲ್ಲಿ ಒಬ್ಬರ ಹೊಟ್ಟೆಯ ಸಮಾಚಾರ ಇನ್ನೊಬ್ಬರಿಗೆ ಸೇರಿದ್ದಲ್ಲವಂತೆ. ಮರುದಿನವೇ ನನಗೊಂದು ಎಚ್ಚರಿಕೆ ಪತ್ರ ಬಂತು: ದುಭಾಷಿಯು ಇತರರು ಆಡಿದ್ದನ್ನು ಮಾತ್ರ ಆಡತಕ್ಕದ್ದು, ತನ್ನದೊಂದು ಮಾತು ಸೇರಿಸಿದರೂ ಕೆಲಸದಿಂದ ತೆಗೆಯಲಾಗುವುದು. ಮಾತೆಲ್ಲ ಮುದ್ರಿಸಿಕೊಳ್ಳುವ ಕರಿ ಯಂತ್ರವೊಂದು ಮೇಜಿನ ಮೇಲೆ ಇತ್ತು. ಅಂದಿನಿಂದ ನನ್ನ ಬಾಯಿಗೆ ಬೀಗ ಹಾಕಿಕೊಂಡು ಬೇರೆಯವರ ಮಾತನ್ನೇ ಆಡಿಕೊಂಡಿದ್ದೆ. ಸಂಜೆ ನಾಲ್ಕಕ್ಕೆ ಸಾಹೇಬರು ಮೇಜಿನ ದೀಪ ಆರಿಸಿ ಎದ್ದು ಹೋಗುತ್ತಿದ್ದರು. ಪಕ್ಕದಲ್ಲಿ ಒಂದು ಪ್ರಾಣಿ ಕೂತಿದೆ ಎಂದು ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆ ಕೌಂಟರಿನ ಮುಂದೆ ಒಬ್ಬ ಅಜ್ಜಿ ಬಂದು ನಿಂತರು. ಮಗಳಿಗೆ ಚೊಚ್ಚಲ ಹೆರಿಗೆ, ಡಾಕ್ಟರು ಕೊಟ್ಟ ದಿನಕ್ಕೆ ಇನ್ನು ನಾಲ್ಕೇ ದಿನ. ಸಾಹೇಬರು ಪಟ್ಟಿ ಓದಿದರು, ನಾನು ದಾಟಿಸಿದೆ.

"ಹಾಲಿನ ಪದಾರ್ಥ, ಮಾಂಸ, ಬೀಜ, ಮಣ್ಣು ಏನಾದ್ರೂ ತಂದಿದೀರಾ?"

"ಮಣ್ಣು ಯಾಕಪ್ಪಾ ಹೊತ್ಕೊಂಡು ಬರ್ಲಿ, ಇಲ್ಲಿ ಸಿಗಲ್ವಾ? ಒಂದು ಡಬ್ಬಿ ತುಪ್ಪ ಇದೆ, ಬಾಣಂತಿಗೆ."

ತುಪ್ಪ ಹಾಲಿನ ಕುಟುಂಬದ್ದು, ಆದ್ದರಿಂದ ಅಪರಾಧಿ. ಸಾಹೇಬರು ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ನೀಲಿ ತೊಟ್ಟಿಗೆ ಹಾಕಿದರು. "ಅಯ್ಯೋ, ಬಿಸಾಡ್ಬೇಡಿ ಅನ್ನಮ್ಮ. ಅವರ ಹೆಂಡ್ತಿಗಾದ್ರೂ ಕೊಡ್ಲಿ," ಎಂದರು ಅಜ್ಜಿ. ದಾಟಿಸಿದೆ. "ಹೆಂಡತಿ ಇಲ್ಲ," ಎಂದರು ಸಾಹೇಬರು. ಅವರ ಪಕ್ಕದಲ್ಲಿ ಆರು ವರ್ಷ ಕೂತ ನನಗೆ ಆ ಸುದ್ದಿ ಗೊತ್ತಾದದ್ದು ಹೀಗೆ, ಒಂದು ತುಪ್ಪದ ಡಬ್ಬಿಯ ದಯೆಯಿಂದ.

ಕೊನೆಯ ಪ್ರಶ್ನೆ ಬಂತು. "ಮೂರು ತಿಂಗಳಾದ ಮೇಲೆ ಈ ದೇಶ ಬಿಟ್ಟು ಹೋಗ್ತೀರಾ?"

"ಬರ್ತೀನಿ," ಎಂದರು ಅಜ್ಜಿ.

ಬರುತ್ತಾರಂತೆ ಎಂದೆ. "ಬಂದಾಗಿದೆಯಲ್ಲ, ಇನ್ನೆಲ್ಲಿಗೆ ಬರ್ತಾರೆ?" ಎಂದು ಸಾಹೇಬರು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಕೇಳಿಸಿದರು. "ಬರ್ತೀನಿ ಅಂದ್ನಲ್ಲಪ್ಪಾ," ಎಂದರು ಅಜ್ಜಿ.

ನಮ್ಮಲ್ಲಿ ಹೊರಡುವಾಗ ಹೋಗ್ತೀನಿ ಎನ್ನುವವರಿಲ್ಲ. ಹೊರಟವರು ಮತ್ತೆ ಬರಲಿ ಎಂದು ಬರ್ತೀನಿ ಎನ್ನುತ್ತೇವೆ. ಬಿಡಿಸಿ ಹೇಳಿದರೆ ಅರ್ಧ ನಿಮಿಷದ ಕೆಲಸ. ಆದರೆ ಬಿಡಿಸಿ ಹೇಳುವುದೆಂದರೆ ಮಾತು ಸೇರಿಸುವುದು, ಕರಿ ಯಂತ್ರವೋ ಮೈಯೆಲ್ಲ ಕಿವಿಯಾಗಿ ಕೂತಿದೆ. ಅರ್ಜಿಯ ಒಂಬತ್ತನೇ ಸಾಲಿನಲ್ಲಿ 'ಹೋಗುತ್ತಾರೆ' ಎಂಬುದರ ಮುಂದೆ ಗುರುತು ಬೀಳದಿದ್ದರೆ ಅಜ್ಜಿಯನ್ನು ಐದು ಗಂಟೆಯ ವಿಮಾನಕ್ಕೆ ವಾಪಸು ಹತ್ತಿಸುತ್ತಾರೆ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಕೆಲಸ ಹೋದರೆ ಹೋಗಲಿ, ಅಜ್ಜಿಗೇ ಒಂದು ಮಾತು ಹೇಳಿಬಿಡೋಣ ಎಂದುಕೊಂಡೆ.

"ಅಜ್ಜಿ, ಹೋಗ್ತೀನಿ ಅಂದ್ಬಿಡಿ. ಇಲ್ದಿದ್ರೆ ಒಳಗೆ ಬಿಡಲ್ಲ."

"ಬಿಡ್ತು ಅನ್ನು ಕಣಮ್ಮ. ಬಸುರಿ ಮಗಳ ಮುಖಾನೇ ಇನ್ನೂ ನೋಡಿಲ್ಲ, ಹೋಗ್ತೀನಿ ಅಂತೀನಾ?"

"ಏನು ಮಾತಾಡಿಕೊಂಡ್ರಿ?" ಎಂದರು ಸಾಹೇಬರು. ನಾನು ಅಂದದ್ದನ್ನೂ ಮುಚ್ಚಿಡದೆ ಹೇಳಿದೆ. 'ಬಿಡ್ತು ಅನ್ನು' ಎಂಬುದನ್ನು ಮಾತ್ರ ಅವರ ಭಾಷೆಯಲ್ಲಿ ಹೇಗೆ ಹೇಳುವುದು? ಬಿಟ್ಟಿತು ಎಂದು ಹೇಳಬೇಕಂತೆ ಎಂದೆ. "ಯಾವುದು ಬಿಟ್ಟಿತು?" ಎಂದು ಸಾಹೇಬರು ಗಂಭೀರವಾಗಿ ಬರೆದುಕೊಳ್ಳಲು ಹೊರಟರು.

ಅಜ್ಜಿ ಯಾರೂ ಕೇಳದೆಯೇ ಹೇಳತೊಡಗಿದರು. "ನಮ್ಮನೆಯವರು ಒಂದಿನ ಸಿಟ್ಟು ಮಾಡ್ಕೊಂಡು, ಹೋಗ್ತೀನಿ ಕಣೇ ಅಂತ ಚಪ್ಪಲಿ ಮೆಟ್ಕೊಂಡು ಹೋದ್ರು. ಸಂಜೆ ನಾಲ್ಕು ಜನ ಹೊತ್ಕೊಂಡು ಬಂದ್ರು. ಅವತ್ತಿಂದ ಆ ಮಾತು ನನ್ನ ಬಾಯಿಂದ ಬಂದಿಲ್ಲ. ಇವತ್ತೂ ಬರಲ್ಲ. ವಾಪಸ್ ಕಳಿಸೋದಾದ್ರೆ ಕಳಿಸ್ಲಿ."

ಒಂದಕ್ಷರ ಬಿಡದೆ ದಾಟಿಸಿದೆ. ಸಾಹೇಬರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಬರ್ತೀನಿ ಅಂದವರೆಲ್ಲ ಬರ್ತಾರಾ, ಕೇಳಿ," ಎಂದರು.

"ಎಲ್ಲರೂ ಎಲ್ಲಿ ಬರ್ತಾರಪ್ಪಾ? ಅನ್ನೋದಂತೂ ಅನ್ಬೇಕು," ಎಂದರು ಅಜ್ಜಿ.

ಅದನ್ನೂ ದಾಟಿಸಿದೆ. ನಾನು ನಮ್ಮಕ್ಕನಿಗೆ ಬರ್ತೀನಿ ಎಂದು ಹೇಳಿ ಬಂದು ಒಂಬತ್ತು ವರ್ಷವಾಗಿದೆ. ಪ್ರತಿ ವರ್ಷ ರಜೆಯೂ ಇರುತ್ತದೆ, ನೆಪವೂ ಇರುತ್ತದೆ. ಅಕ್ಕ ಮಾತ್ರ ಫೋನಿನಲ್ಲಿ, ಯಾವಾಗ ಬರ್ತೀಯೇ ಎಂದು ಕೇಳುವುದನ್ನು ಎರಡು ವರ್ಷದಿಂದ ಬಿಟ್ಟಿದ್ದಾಳೆ.

ಆಗ ಸಾಹೇಬರು ಅರ್ಜಿಯಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಕೇಳಿದರು. ಅಷ್ಟು ವರ್ಷದ ನೌಕರಿಯಲ್ಲಿ ಅದೇ ಮೊದಲಿರಬೇಕು, ಹಣೆಯ ಮೇಲೆ ಬೆವರು ಕಾಣಿಸಿತು.

"ಮೂರು ತಿಂಗಳು ಮುಗಿದ ಮಾರನೇ ದಿನ ಬೆಳಿಗ್ಗೆ ನೀವು ಎಲ್ಲಿರ್ತೀರಿ?"

"ಇನ್ನೆಲ್ಲಿ, ನಮ್ಮನೇಲಿ. ಅವತ್ತಿಂದ ಮತ್ತೆ ಅರ್ಧ ಲೀಟರ್ ಹಾಕು ಅಂತ ಹಾಲಿನವನಿಗೆ ಹೇಳಿದೀನಿ. ನಾನಿಲ್ಲ ಅಂದ್ರೆ ಬಾಗಿಲ ಮುಂದೆ ಇಟ್ಟು ಹೊರಟ್ಹೋಗ್ತಾನೆ, ಬೆಕ್ಕಿನ ಪಾಲಾಗುತ್ತೆ."

ಸಾಹೇಬರು 'ಹೋಗುತ್ತಾರೆ' ಎಂಬುದರ ಮುಂದೆ ಗುರುತು ಹಾಕಿದರು. ಪಕ್ಕದಲ್ಲಿ 'ಆಧಾರ' ಎಂದು ಒಂದು ಸಣ್ಣ ಚೌಕವಿರುತ್ತದೆ. ಅದರಲ್ಲಿ ದುಂಡಗೆ 'ಹಾಲು' ಎಂದು ಬರೆದು ಠಸ್ಸೆ ಒತ್ತಿದರು. ಹಾಲಿನ ಪದಾರ್ಥಕ್ಕೆ ಪ್ರವೇಶವಿಲ್ಲದ ದೇಶಕ್ಕೆ ಅಜ್ಜಿ ಹಾಲಿನ ಜಾಮೀನಿನ ಮೇಲೆ ಒಳಗೆ ಹೋದರು. ತುಪ್ಪದ ಡಬ್ಬಿ ತೊಟ್ಟಿಯಲ್ಲೇ ಉಳಿಯಿತು, ಅದಕ್ಕೆ ವಿನಾಯಿತಿ ಇಲ್ಲವಂತೆ.

"ಬರ್ತೀನಪ್ಪಾ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸೊರಗಿದೀಯ," ಎಂದು ಅಜ್ಜಿ ಹೊರಟರು. ಎರಡನ್ನೂ ದಾಟಿಸಿದೆ. ಹೊಟ್ಟೆಯ ಸಮಾಚಾರವೇ ಆದರೂ ಈ ಸಲ ಮಾತು ನನ್ನದಲ್ಲವಲ್ಲ.

ನನಗೆ ಎರಡನೇ ಪತ್ರ ಬರಲೇ ಇಲ್ಲ. ಮರುದಿನ ಸಂಜೆ ನಾಲ್ಕಕ್ಕೆ ದೀಪ ಆರಿಸಿದ ಸಾಹೇಬರು ಹೋಗದೆ ನಿಂತರು. ಆ ಅಜ್ಜಿಯ ಮಾತು ಹೇಗೆ ಅನ್ನೋದು ಎಂದು ಕೇಳಿದರು. ಹೇಳಿಕೊಟ್ಟೆ. "ಬರ್ಟಿನಿ," ಎಂದು ಹೊರಟರು. ಆಮೇಲೆ ದಿನಾ ಸಂಜೆ ಬರ್ಟಿನಿ, ದಿನಾ ಬೆಳಿಗ್ಗೆ ಎಂಟಕ್ಕೆ ಹಾಜರು. ಆ ಮಾತನ್ನು ಇಷ್ಟು ನಿಯತ್ತಿನಿಂದ ನಡೆಸಿಕೊಂಡವರನ್ನು ನಾನು ನಮ್ಮವರಲ್ಲೂ ಕಂಡಿರಲಿಲ್ಲ.

ಹೋದ ವರ್ಷ ಅವರು ನಿವೃತ್ತರಾದರು. ಕಚೇರಿಯವರು ಒಂದು ಗೋಡೆ ಗಡಿಯಾರ ಕೊಟ್ಟು ಚಪ್ಪಾಳೆ ತಟ್ಟಿದರು. ಸಾಹೇಬರು ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಸ್ಟೂಲಿನ ಹತ್ತಿರ ಬಂದು, "ಒಂದು ದಿನ ನಿಮ್ಮ ಜೊತೆ ಊಟಕ್ಕೆ," ಎಂದು ತಮ್ಮ ಭಾಷೆಯಲ್ಲಿ ಅಂದು, "ಬರ್ಟಿನಿ," ಎಂದು ನಮ್ಮ ಭಾಷೆಯಲ್ಲಿ ಮುಗಿಸಿದರು.

ಹದಿನಾಲ್ಕು ತಿಂಗಳಾಯಿತು. ಅವರ ಮನೆ ಇಲ್ಲಿಂದ ಬಸ್ಸಿನಲ್ಲಿ ನಾಲ್ಕು ನಿಲ್ದಾಣ, ಅಷ್ಟೇ. ಅವರು ಬಂದಿಲ್ಲ. ಸಿಟ್ಟು ಮಾಡಿಕೊಳ್ಳಲು ನನಗೆ ಮುಖವಿಲ್ಲ. ಆ ಮಾತನ್ನು ಅವರು ಕಲಿತದ್ದು ನನ್ನಿಂದ ತಾನೇ?