ಕಿವಿ ಮೇಸ್ತ್ರಿಗೆ ಕೇಳಿಸದ ಸದ್ದು

ಅವನನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿ ಮೇಸ್ತ್ರಿ ಎಂದೇ. ಕಿವಿ ದೊಡ್ಡದಿತ್ತೆಂದಲ್ಲ. ಬೇರೆ ಮೆಕ್ಯಾನಿಕ್‌ಗಳು ಅದನ್ನು ಬಿಚ್ಚಿ ಇದನ್ನು ಬಿಚ್ಚಿ ತಲೆ ಕೆರೆದುಕೊಳ್ಳುವ ಹೊತ್ತಿಗೆ, ಇವನು ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ, "ಮೂರನೇ ಬೇರಿಂಗ್" ಎಂದು ತೀರ್ಪು ಕೊಟ್ಟುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಮೂರನೇ ಬೇರಿಂಗೇ. ಹದಿನೆಂಟಕ್ಕೆ ಕೈಗೆ ಗ್ರೀಸು ಹಚ್ಚಿಕೊಂಡವನು, ಈಗ ಐವತ್ತಾರು. ಇಷ್ಟು ವರ್ಷಗಳಲ್ಲಿ ತೀರ್ಪು ತಪ್ಪಿದ್ದು ಎರಡೋ ಮೂರೋ ಸಲ. ಅದನ್ನೂ ಅವನು ಒಪ್ಪುತ್ತಿರಲಿಲ್ಲ.

ಎಣ್ಣೆಯ ಒತ್ತಡ ಅಳೆಯುವ ಗೇಜು ಅವನಲ್ಲಿ ಇರಲಿಲ್ಲವೆಂದಲ್ಲ. ಯಾರೋ ಕೊಟ್ಟಿದ್ದು ತಗಡಿನ ಡಬ್ಬಿಯೊಳಗೆ ಹಾಗೇ ಬಿದ್ದಿತ್ತು. "ಗೇಜು ಹಾಕೋದು ಕೇಳಿಸ್ದೇ ಇರೋರು" ಎಂದು ನಗುತ್ತಿದ್ದ. ಹಾಗೆ ನಗುವವನಿಗೆ ಮನೆಯಲ್ಲಿ ಏನಾಗುತ್ತಿತ್ತೆಂದು ಅವನ ಹೆಂಡತಿಯನ್ನು ಕೇಳಬೇಕು. "ರೀ, ನಲ್ಲಿ ತೊಟ್ಟಿಕ್ತಿದೆ, ಕೇಳಿಸ್ತಿಲ್ವಾ?" ಎಂದರೆ ಎದ್ದು ಹೋಗಿ ಕಣ್ಣಿಂದ ನೋಡಿ ಬರುತ್ತಿದ್ದ. ಫೋನು ಪಕ್ಕದಲ್ಲೇ ಬಡಿದುಕೊಂಡರೂ ಸುಮ್ಮನೆ ಕೂತಿರುತ್ತಿದ್ದ. ಕೇಳಿದರೆ, "ನೀನು ಬಾಯೊಳಗೇ ಗೊಣಗಿದ್ರೆ ಯಾರಿಗೆ ಕೇಳ್ಸುತ್ತೆ?" ಎಂದು ಅವಳ ಮೇಲೇ ಹರಿಹಾಯುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗ್ರೈಂಡರು, ಸುತ್ತಿಗೆ, ಸೈಲೆನ್ಸರಿಲ್ಲದ ಎಂಜಿನ್ನುಗಳ ನಡುವೆ ಮೂವತ್ತೆಂಟು ವರ್ಷ ಕಳೆದ ಕಿವಿಯಿಂದ ಸಣ್ಣ ದನಿಗಳು ಒಂದೊಂದಾಗಿ ಜಾರಿಹೋಗಿದ್ದವು. ದಪ್ಪ ಸದ್ದುಗಳು ಮಾತ್ರ ಮೊದಲಿನಂತೆಯೇ ಬರುತ್ತಿದ್ದವು. ಅಷ್ಟು ಸಾಕಾಗಿತ್ತು ಅವನ ಜಂಬಕ್ಕೆ.

ಅವನಿಗೊಬ್ಬಳು ತಂಗಿ, ಒಂಬತ್ತು ವರ್ಷ ಚಿಕ್ಕವಳು. ವಯಸ್ಸು ನಲವತ್ತೇಳಾದರೂ ಅವನ ಬಾಯಲ್ಲಿ ಪುಟ್ಟಿ. ಅವಳ ಗಂಡ ಬಾಡಿಗೆ ಕಾರು ಓಡಿಸುತ್ತಿದ್ದ. ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟ. ಹತ್ತಿರದವರೆಲ್ಲ ಕಾರು ಮಾರಿಬಿಡು ಎಂದರು. ಅವಳು ಮಾರಲಿಲ್ಲ. ಅಣ್ಣನ ಪಕ್ಕ ಕೂತು, ಕ್ಲಚ್ಚು ಗೇರು ಜಗ್ಗಾಡಿ, ಅತ್ತು, ನಕ್ಕು, ಓಡಿಸಲು ಕಲಿತಳು. ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗಳನ್ನು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರೆದೊಯ್ದು ವಾಪಸು ತರುವ ಕೆಲಸ ಹಿಡಿದಳು. ಮೊದಲ ದಿನವೇ ಅವನು ಹೇಳಿಕೊಟ್ಟ ಪಾಠ ಒಂದೇ. "ಪುಟ್ಟಿ, ಸ್ಟೇರಿಂಗ್ ಮುಂದಿನ ಈ ಎಣ್ಣೆ ದೀಪ ಕೆಂಪಗೆ ಹತ್ತಿದ್ರೆ ನಿಂತ್ಬಿಡು. ಆಕಾಶ ತಲೆ ಮೇಲೆ ಬಿದ್ರೂ ಒಂದು ಮಾರು ಮುಂದೆ ಹೋಗ್ಬೇಡ. ಎಣ್ಣೆ ಏರದೇ ಇರೋ ಎಂಜಿನ್ನಿಗೆ ಆಯುಷ್ಯ ನಿಮಿಷಗಳ ಲೆಕ್ಕ."

ಆ ದೀಪ ಒಂದು ಸೋಮವಾರ ಹತ್ತಿತು. ಎಂಜಿನ್ ಬಿಸಿಯಾಗಿ ಸಿಗ್ನಲ್ಲಿನಲ್ಲಿ ನಿಂತಾಗ ಮಿನುಗುತ್ತಿತ್ತು, ಹೊರಟ ಕೂಡಲೇ ಆರುತ್ತಿತ್ತು. ಅವಳು ನೇರ ಗ್ಯಾರೇಜಿಗೆ ಬಂದಳು. ಅವನು ಡಿಪ್‌ಸ್ಟಿಕ್ ಎಳೆದು ನೋಡಿದ. ಎಣ್ಣೆ ಭರ್ತಿ ಇತ್ತು.

"ದೀಪ ಒಂದೇ ಅಲ್ಲಣ್ಣ. ಮೇಲ್ಗಡೆಯಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರ್ತಿದೆ. ಹೊಲಿಗೆ ಮಿಷಿನ್ ಥರ" ಎಂದಳು.

ಅವನು ಸ್ಕ್ರೂಡ್ರೈವರ್ ಆನಿಸಿ ಕಣ್ಣು ಮುಚ್ಚಿದ. ಎಂಜಿನ್ನಿನ ತುಂಬುದನಿ ಚೆನ್ನಾಗಿಯೇ ಬಂತು. ಎಣ್ಣೆ ಮೇಲಕ್ಕೇರದೆ ಒಣಗಿದ ವಾಲ್ವುಗಳ ಸಣ್ಣ ಟಿಕ್ ಟಿಕ್ ಅವನವರೆಗೆ ತಲುಪಲೇ ಇಲ್ಲ. "ಎಲ್ಲಿದೆ ಸದ್ದು? ಬೆಣ್ಣೆ ಥರ ಓಡ್ತಿದೆ."

"ನನಗೆ ಕೇಳಿಸ್ತಿದೆಯಲ್ಲ."

"ಅವರು ಹೋದ್ಮೇಲೆ ನಿನಗೆ ಎಲ್ಲದ್ರಲ್ಲೂ ಭಯ, ಪುಟ್ಟಿ. ದೀಪ ಹತ್ತಿಸೋ ಸೆನ್ಸರ್ ಕೆಟ್ಟಿದೆ, ಅಷ್ಟೇ. ಬದಲಾಯಿಸ್ತೀನಿ."

ಅವಳು ಕಾರಿನ ಕೀಲಿಯನ್ನು ಅವನ ಕೈಗಿಟ್ಟಳು. ಪ್ರೀತಿಯಿಂದಲೇ ಹೇಳಿದ ಮಾತು ಅದು. ಅಂಥ ಮಾತಿಗೆ ಎದುರಾಡುವುದು ಕಷ್ಟ.

ಅವನು ಊಟ ಮುಗಿಸಿ ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಹೊಸ ಸೆನ್ಸರ್ ಹಾಕಿ ಚಾಲೂ ಮಾಡಿದ. ದೀಪ ಹತ್ತಲಿಲ್ಲ. ತಣ್ಣಗಿನ ಎಣ್ಣೆ ಗಟ್ಟಿ ಇರುತ್ತದೆ, ಒತ್ತಡ ಸ್ವಲ್ಪ ಹೆಚ್ಚೇ ತೋರುತ್ತದೆ, ಬಿಸಿಯಾಗುವವರೆಗೆ ಕಾಯಬೇಕು ಎಂಬುದು ಹೊಸದಾಗಿ ಸೇರಿದವನಿಗೂ ಗೊತ್ತಿರುವ ಸಂಗತಿ. ಇವನು ಕಾಯಲಿಲ್ಲ. ತೀರ್ಪು ಕೊಟ್ಟಾಗಿತ್ತಲ್ಲ.

ಬುಧವಾರ ಅವಳು ಫೋನು ಮಾಡಿದಳು, ದೀಪ ಮತ್ತೆ ಮಿನುಗುತ್ತಿದೆ ಎಂದು. ಅವನು ಇನ್ನೊಂದು ಕಾರಿನ ಕೆಳಗೆ ಮಲಗಿದ್ದ. "ಸೆನ್ಸರ್ ಹೊಸದು, ವೈರ್ ಲೂಸ್ ಇರ್ಬೇಕು. ಭಾನುವಾರ ತಗೊಂಡ್ಬಾ. ಅಲ್ಲೀವರೆಗೆ ಓಡ್ಸು, ನಾನು ಹೇಳ್ತಿದೀನಲ್ಲ."

ಗುರುವಾರ ಮೇಲ್ಸೇತುವೆಯ ನಡುಮಧ್ಯೆ ಎಂಜಿನ್ ಒಮ್ಮೆ ಕಿರುಚಿ ಬಿಗಿದುಕೊಂಡು ನಿಂತಿತು. ಹಿಂದಿನ ಸೀಟಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಬೇರೆ ಗಾಡಿ ಸಿಕ್ಕಿ ಅವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಡಯಾಲಿಸಿಸ್ ಸರದಿ ತಪ್ಪಿತ್ತು, ಉಸಿರು ಕಟ್ಟತೊಡಗಿತ್ತು. ಎರಡು ದಿನ ವಾರ್ಡಿನಲ್ಲಿದ್ದು ಬದುಕಿಕೊಂಡರು. ಆದರೆ ಅವರ ಮಗ, "ಇನ್ಮೇಲೆ ನಾವು ಬೇರೆ ಕಾರು ನೋಡ್ಕೋತೀವಿ ಮೇಡಂ" ಎಂದ. ಸುದ್ದಿ ಕೇಳಿ ಉಳಿದವರೂ ಹಾಗೇ ಅಂದರು. ಅವರನ್ನು ತಪ್ಪು ಎನ್ನುವಂತಿಲ್ಲ.

ಕಾರನ್ನು ಹಗ್ಗ ಕಟ್ಟಿ ಎಳೆದು ತಂದಾಗ ಅವಳು ಗ್ಯಾರೇಜಿನ ಬಾಗಿಲಲ್ಲೇ ಕುಸಿದು ಕೂತಳು. "ನಾನೇ ಕೊಂದ್ಬಿಟ್ಟೆ ಅಣ್ಣ. ದೀಪ ಕಂಡ್ರೆ ನಿಲ್ಸು ಅಂತ ನೀನು ಬಡ್ಕೊಂಡಿದ್ದೆ. ನಮ್ಮನೆಯವರು ಮಗು ಥರ ನೋಡ್ಕೊಂಡಿದ್ದ ಗಾಡಿ."

ಓಡಿಸು ಎಂದವನು ಇವನೇ ಎಂಬುದು ಅವಳ ನಾಲಗೆಗೆ ಬರಲೇ ಇಲ್ಲ. ಅಣ್ಣ ತಪ್ಪಿದ ಎಂದು ನಂಬುವುದಕ್ಕಿಂತ ತಾನೇ ಪಾಪಿ ಎಂದು ನಂಬುವುದು ಅವಳಿಗೆ ಸುಲಭವಾಗಿತ್ತು. ಅವನು ಮನೆಗೆ ಹೋಗು ಎಂದಷ್ಟೇ ಹೇಳಿದ.

ಮರುದಿನ ಅವನೊಬ್ಬನೇ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯನ್ನು ಬಿಚ್ಚಿದ. ಪಂಪು ಎಣ್ಣೆ ಹೀರುವ ಬಾಯಿಗೆ ಒಂದು ಸಣ್ಣ ಜಾಲರಿ ಇರುತ್ತದೆ. ಅದಕ್ಕೆ ಬೂದು ಬಣ್ಣದ ರಬ್ಬರಿನಂಥ ಎಳೆಗಳು ಗಿಜಿಗಿಜಿ ಮೆತ್ತಿಕೊಂಡು, ಕಿರುಬೆರಳ ಉಗುರಿನಷ್ಟು ಜಾಗ ಮಾತ್ರ ಬಿಟ್ಟಿದ್ದವು. ಅವು ಎಲ್ಲಿಂದ ಬಂದವು ಎಂದು ಅವನು ಯಾರನ್ನೂ ಕೇಳಬೇಕಿರಲಿಲ್ಲ. ಆರು ತಿಂಗಳ ಹಿಂದೆ ಆ ತೊಟ್ಟಿಯ ಅಂಚಿನಲ್ಲಿ ಎಣ್ಣೆ ಜಿನುಗುತ್ತಿದ್ದಾಗ ಬೂದು ಪೇಸ್ಟು ಹಚ್ಚಿ ಕೂರಿಸಿದವನು ಅವನೇ. ತೆಳ್ಳಗೆ ಒಂದು ಗೆರೆ ಎಳೆದರೆ ಸಾಕಿತ್ತು. ತಂಗಿಯ ಗಾಡಿ, ಮತ್ತೆ ಸೋರಬಾರದು ಎಂದು ಧಾರಾಳವಾಗಿ ಬಳಿದಿದ್ದ. ಹೊರಗೆ ಹಿಂಡಿಬಂದದ್ದನ್ನು ಒರೆಸಿದ್ದ. ಒಳಗೆ ಹಿಂಡಿಬಂದದ್ದು ಒಣಗಿ, ಕಿತ್ತುಬಂದು, ತೇಲಿ ಇಲ್ಲಿಗೆ ಸೇರಿತ್ತು. ಅತಿಯಾದರೆ ಅಮೃತವೂ ವಿಷ. ಬೇರಿಂಗುಗಳು ಒಳಪದರದ ತಾಮ್ರ ಕಾಣುವಷ್ಟು ಸವೆದಿದ್ದವು.

ಆ ಎಳೆಗಳನ್ನು ಹಳೆ ಎಣ್ಣೆಯ ಡ್ರಮ್ಮಿಗೆ ಎಸೆದುಬಿಟ್ಟರೆ ಮುಗಿಯಿತು. ಗಾಡಿ ಹಳೆಯದು, ದೀಪ ಹತ್ತಿದರೂ ಹೆಂಗಸು ಓಡಿಸಿದಳು ಎಂದರೆ ಲೋಕ ಹೌದೆನ್ನುತ್ತದೆ, ಅವಳೂ ಹೌದೆನ್ನುತ್ತಾಳೆ. ಎಸೆಯೋಣವೆಂದು ಅವನು ನಿಜವಾಗಿಯೂ ಎದ್ದ. ಡ್ರಮ್ಮಿನವರೆಗೂ ಹೋದ. ಬಾಗಿಲಲ್ಲಿ ಕುಸಿದು ಕೂತ ಅವಳ ಮುಖ ನೆನಪಾಯಿತು. ಅಲ್ಲೇ ನಿಂತು ಅತ್ತ. ಆಮೇಲೆ ಜಾಲರಿಯನ್ನು ಹಳೇ ಬಟ್ಟೆಯಲ್ಲಿ ಸುತ್ತಿಕೊಂಡು ತಂಗಿಯ ಮನೆಗೆ ನಡೆದ.

ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಬಿಚ್ಚಿಟ್ಟು ಎಲ್ಲವನ್ನೂ ಹೇಳಿದ. ಪೇಸ್ಟು, ಕಾಯದೆ ಹಾಕಿದ ಸೆನ್ಸರ್, ಫೋನಿನ ಮಾತು. ಕೊನೆಗೆ ಹೆಂಡತಿಗೂ ಹೇಳದ ಮಾತು. "ನನ್ನ ಕಿವಿ ಹೋಗಿದೆ ಪುಟ್ಟಿ. ಆವತ್ತು ನನಗೇನೂ ಕೇಳಿಸ್ಲಿಲ್ಲ."

ಅವಳು ಜಾಲರಿಯಿಂದ ಒಂದು ಎಳೆ ಕಿತ್ತು ಬೆರಳಲ್ಲಿ ಹೊಸಕಿದಳು. ಕೂಗಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನನಗೆ ಕೇಳಿಸ್ತಿತ್ತು" ಎಂದಳು. "ಮೂರು ದಿನವೂ ಕೇಳಿಸ್ತಿತ್ತು. ನನ್ನ ತಲೆಯೇ ಕೆಟ್ಟಿದೆ ಅಂದ್ಕೊಂಡು ರೇಡಿಯೋ ಜೋರಾಗಿ ಹಾಕ್ಕೊಂಡು ಓಡಿಸ್ದೆ ಅಣ್ಣ."

ಅವನು ಇನ್ನೊಂದು ಎಂಜಿನ್ ಹುಡುಕಿ ತಂದು ಕೂರಿಸಿಕೊಡುತ್ತೇನೆಂದ. ತಾ, ಆದರೆ ಕೂರಿಸುವುದು ಬೇರೆ ಕಡೆ ಆಗಲಿ ಎಂದಳು, ಮೆತ್ತಗೆ. ಅವನು ಹೂಂ ಎಂದ.

ಅವಳು ಮುನಿಸಿಕೊಳ್ಳಲಿಲ್ಲ. ಬರುವುದು ಹೋಗುವುದು ನಿಂತಿಲ್ಲ, ಅಣ್ಣ ಎನ್ನುವುದು ಬಿಟ್ಟಿಲ್ಲ. ಬೇರೆ ಎಂಜಿನ್ ಕೂತ ಮೇಲೂ ಮೇಷ್ಟ್ರು ಮಾತ್ರ ಮತ್ತೆ ಅವಳ ಕಾರು ಹತ್ತಲಿಲ್ಲ. ಹೊಸಬರು ಇಬ್ಬರು ಮೂವರು ಸಿಕ್ಕಿದ್ದಾರೆ. ಗ್ಯಾರೇಜಿಗೆ ಬರುವ ಕಾರುಗಳಿಗೆಲ್ಲ ಅವನು ಈಗ ಮೊದಲು ಗೇಜು ಹಾಕುತ್ತಾನೆ. ಹಳೇ ಗಿರಾಕಿಗಳು, "ಏನು ಮೇಸ್ತ್ರಿ, ಕಿವಿಗೆ ರಜೆನಾ?" ಎಂದು ತಮಾಷೆ ಮಾಡುತ್ತಾರೆ. ಅವನೂ ನಗುತ್ತಾನೆ.

ಮೊನ್ನೆ ಕಿವಿ ಡಾಕ್ಟರ ಬಳಿಗೆ ಅವಳೇ ಕರೆದುಕೊಂಡು ಹೊರಟಳು. ಅರ್ಧ ದಾರಿಯಲ್ಲಿ ಅವಳ ಕುತ್ತಿಗೆ ಒಂದಿಷ್ಟು ವಾಲಿತು, ಹುಬ್ಬು ಗಂಟಿಕ್ಕಿತು. ಏನೋ ಕೇಳಿಸಿದೆ ಅವಳಿಗೆ. ತನ್ನನ್ನು ಕೇಳಬಹುದೆಂದು ಅವನು ಕಾದ. ಅವಳು ರಸ್ತೆ ಬದಿಯ ಒಂದು ಗ್ಯಾರೇಜಿನೊಳಗೆ ತಿರುಗಿಸಿ, "ಐದು ನಿಮಿಷ ಅಣ್ಣ, ಇವರಿಗೊಂದ್ಸಲ ತೋರಿಸ್ಬಿಡೋಣ" ಎಂದಳು.

ಅಲ್ಲಿಯ ಮೆಕ್ಯಾನಿಕ್ ಇವನನ್ನು ಗುರುತಿಸಲಿಲ್ಲ. "ನೀವು ಅಲ್ಲಿ ಕೂತ್ಕೊಳ್ಳಿ ಯಜಮಾನ್ರೇ" ಎಂದು ಗಿರಾಕಿಗಳ ಬೆಂಚು ತೋರಿಸಿದ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವನು ಅಂಥ ಬೆಂಚಿನ ಮೇಲೆ ಕೂತ. ಬಾನೆಟ್ಟಿನ ಮುಂದೆ ಅವರಿಬ್ಬರ ತುಟಿಗಳು ಆಡುತ್ತಿದ್ದವು. ಅವಳು ಏನೋ ವಿವರಿಸುತ್ತಿದ್ದಳು, ಆ ಮೆಕ್ಯಾನಿಕ್ ತಲೆಯಾಡಿಸುತ್ತ ಕೇಳಿಸಿಕೊಳ್ಳುತ್ತಿದ್ದ.

ವಾಪಸು ಬಂದು ಅವಳು ಅವನಿಗೆ ಕೇಳುವಂತೆ ಗಟ್ಟಿಯಾಗಿ, "ಏನೂ ಇಲ್ವಂತೆ, ಬೆಲ್ಟ್ ಸ್ವಲ್ಪ ಸಡಿಲ ಆಗಿತ್ತಂತೆ" ಎಂದಳು.

"ಎಂಥ ಸದ್ದು ಬರ್ತಿತ್ತು ಪುಟ್ಟಿ?"

"ಬಿಡಣ್ಣ, ನಿನಗ್ಯಾಕೆ ಅದರ ಚಿಂತೆ" ಎಂದು ಅವಳು ಅವನ ಭುಜ ತಟ್ಟಿದಳು. ಆಮೇಲೆ ಡಾಕ್ಟರಿಗೆ ತಡವಾಯಿತೆಂದು ಕಾರು ಚಾಲೂ ಮಾಡಿದಳು.