ಮಾಬೂಬಿ ಎತ್ತರಿಸಿಕೊಟ್ಟ ಸೀಟು

ಹೊಸ ಕಾರಿನೊಳಗೆ ರೆಕ್ಸಿನ್ನು, ಪ್ಲಾಸ್ಟಿಕ್ಕು, ಅಂಟು ಎಲ್ಲ ಕೂಡಿದ ಒಂದು ವಾಸನೆ ಇರುತ್ತದಲ್ಲ, ಅದು ನಿಮಗೆ ಇಷ್ಟವಿರಬಹುದು. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಸಾಕು, ಕತ್ತು ತಾನಾಗಿಯೇ ಉದ್ದವಾಗುತ್ತದೆ. ಹೋದ ವಾರ ಸಿಂಧನೂರಿನ ಶೋರೂಮಿನಲ್ಲೂ ಹಾಗೇ ಆಯಿತು. ಕಾರು ಕೊಳ್ಳಲು ಬಂದವಳು ನಾನಲ್ಲ, ನನ್ನ ಗೆಳತಿ ಮಾಬೂಬಿ. ಟ್ರ್ಯಾಕ್ಟರಿಗೆ, ಭತ್ತ ಕೊಯ್ಯುವ ಮಷಿನ್ನಿಗೆ ಸೀಟು ಹೊಲಿಯುವುದು ಆಕೆಯ ಕಸುಬು. ಸೇಲ್ಸ್‌ಮನ್ ಬಣ್ಣಬಣ್ಣದ ದೀಪ ಹತ್ತಿಸಿ ತೋರಿಸುತ್ತಿದ್ದರೆ, ಆಕೆ ಸೀಟಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ನನಗೆ ಮೂರು ವರ್ಷದ ಹಿಂದಿನದು ನೆನಪಾಯಿತು.

ಆಗ ನಾವೂ ಹೊಸ ಕಾರು ತಂದಿದ್ದೆವು. ನಮ್ಮವರು ಮರುಳಾದದ್ದು ಒಳಗಿನ ಅಂದಕ್ಕೆ. ಕಪ್ಪು ಸೀಟು, ಟಿ.ವಿ.ಯಂಥ ಪರದೆ. ನನ್ನ ಎತ್ತರವೋ ನಾಲ್ಕು ಅಡಿ ಹತ್ತು ಇಂಚು. ನಾನು ಪಾಠ ಮಾಡುವ ಏಳನೇ ತರಗತಿಯ ಮಕ್ಕಳ ನಡುವೆ ನಿಂತರೆ, ಶಾಲೆ ನೋಡಲು ಬಂದ ಸಾಹೇಬರು ನನ್ನನ್ನೇ ಮಗ್ಗಿ ಕೇಳಿಯಾರು. ಸೀಟಿನಲ್ಲಿ ಕೂತರೆ ಡ್ಯಾಶ್‌ಬೋರ್ಡು ಕೋಟೆಗೋಡೆಯ ಹಾಗೆ ಎದುರು ನಿಲ್ಲುತ್ತಿತ್ತು. ಹಿಂದಿನ ಗಾಜು ಅಂಚೆಪೆಟ್ಟಿಗೆಯ ಬಾಯಿಯಷ್ಟು. ಮುಂದಿನ ಗಾಜಿಗೂ ಬಾಗಿಲಿಗೂ ನಡುವಿನ ಕಂಬ ನನ್ನ ತೋಳಿಗಿಂತ ದಪ್ಪ. ಆದರೂ ಮಸ್ಕಿಯ ಶಾಲೆಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಸಾಕಾಗಿದ್ದರಿಂದ, ಹಟಕ್ಕೆ ಬಿದ್ದು ಕಲಿತೆ, ಲೈಸೆನ್ಸೂ ತೆಗೆದುಕೊಂಡೆ.

ಒಂದು ದಿನ ಜವಳಗೇರಾದಿಂದ ಬರುವಾಗ ಕಾಲುವೆ ಸೇತುವೆಯ ಹತ್ತಿರ ಬಲಕ್ಕೆ ತಿರುಗಿಸಿದೆ. ರಸ್ತೆ ಖಾಲಿಯಿತ್ತು. ಆಣೆ ಮಾಡಿ ಹೇಳುತ್ತೇನೆ, ಖಾಲಿಯೇ ಇತ್ತು. ಮರುಕ್ಷಣ ಆ ಕಂಬದ ಮರೆಯಿಂದ, ಹುಲ್ಲಿನ ಹೊರೆ ಕಟ್ಟಿದ ಸೈಕಲ್ಲೊಂದು ನನ್ನ ಮುಂದಿತ್ತು. ಬ್ರೇಕ್ ಒತ್ತಿದೆ. ಸೈಕಲ್ಲು ಬಿತ್ತು, ಹುಲ್ಲು ಚೆಲ್ಲಿತು. ಪುಣ್ಯಕ್ಕೆ ಅದನ್ನು ತುಳಿಯುತ್ತಿದ್ದ ಮುದುಕನಿಗೆ ಏನೂ ಆಗಿರಲಿಲ್ಲ. ಧೋತರ ಕೊಡವಿಕೊಂಡು ಎದ್ದವನು ಬೈಯಲೂ ಇಲ್ಲ. "ಯಮ್ಮಾ, ನಾ ನಿಮಗ ಕಾಣಲೇ ಇಲ್ಲೇನ್ರಿ?" ಅಂದ, ಅಷ್ಟೇ.

ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು. ಕೀಲಿಕೈಯನ್ನು ನಮ್ಮವರಿಗೆ ಕೊಟ್ಟು ಮತ್ತೆ ಬಸ್ಸು ಹತ್ತಿದೆ. ತಿಂಗಳಾದ ಮೇಲೆ ಅವರು, "ನೀ ಓಡಸಂಗಿಲ್ಲಂದ್ರ ಮಾರಿಬಿಡೂಣು. ಅದಕ್ಕೂ ಮೊದಲ ಸೀಟಿಗೆ ಚಲೋ ಕವರ್ ಹಾಕಸೂಣು, ನಾಕು ಮಂದಿ ನೋಡ್ತಾರ" ಅಂದರು. ಹಾಗೆ ಹೋದದ್ದು ಮಾಬೂಬಿಯ ಅಂಗಡಿಗೆ.

ಕಾರನ್ನು ನೆರಳಿಗೆ ಸರಿಸಲೆಂದು ನಾನು ಒಳಗೆ ಕೂತೆ. ಆಕೆ ಬಾಯಲ್ಲಿ ಕಚ್ಚಿದ್ದ ದಾರ ತೆಗೆದು, "ಅಕ್ಕೋರ, ಅಲ್ಲಿಂದ ನಿಮಗ ಏನ್ ಕಾಣ್ತದ್ರಿ?" ಎಂದಳು.

"ಆಕಾಶ ಚಲೋ ಕಾಣ್ತದ."

ಆಕೆ ನಗಲಿಲ್ಲ. ಕೆಂಪು ಬಕೆಟ್ಟೊಂದನ್ನು ಕಾರಿನ ಮುಂದಿಟ್ಟು, ನನಗೆ ಕಾಣುವ ತನಕ ದೂರ ಸರಿಸುತ್ತ ಹೋದಳು. ಹನ್ನೊಂದು ಹೆಜ್ಜೆಗೆ ಕಂಡಿತು.

"ದಿಂಬು ಇಟ್ಟು ನೋಡೀನಿ, ಜಾರ್ತದ" ಅಂದೆ.

"ದಿಂಬು ಮಕ್ಕೊಳ್ಳಾಕ್ರಿ. ಇದಕ್ಕ ಗಟ್ಟಿ ಫೋಮ್ ಬೇಕು. ಮೆತ್ತಂದು ಹಾಕಿದ್ರ ಅದೂ ಕುಸಿತದ, ನೀವೂ ಕುಸಿತೀರಿ."

ಎರಡು ದಿನ ಹಿಡಿಯಿತು. ಸೀಟಿನ ಕವರು ಬಿಚ್ಚಿ, ಒಳಗೆ ಗಟ್ಟಿ ಫೋಮಿನ ಪದರ ಕೂರಿಸಿ, ಕಾಲು ಪೆಡಲಿಗೆ ಸಲೀಸಾಗಿ ಎಟಕುವಂತೆ ಮುಂದಿನ ಅಂಚನ್ನು ಇಳಿಜಾರಾಗಿ ಕತ್ತರಿಸಿದಳು. ಗಾಜಿನಲ್ಲಿ ಪ್ರತಿಬಿಂಬ ಬೀಳಿಸುತ್ತಿದ್ದ ಡ್ಯಾಶ್‌ಬೋರ್ಡಿನ ಝಗಮಗ ಹಾಸನ್ನು ಸುತ್ತಿ ನಮ್ಮವರ ಕೈಗಿಟ್ಟಳು. ಬಕೆಟ್ಟು ಈಗ ಐದು ಹೆಜ್ಜೆಗೇ ಕಂಡಿತು.

"ಕಂಬ ಮಾತ್ರ ನನ್ನ ಕತ್ರಿಗೆ ಬರಂಗಿಲ್ರಿ" ಎನ್ನುತ್ತ ಆಕೆ ಕಾರಿನ ಬಲಕ್ಕೆ ನಡೆದಳು. ನೋಡುತ್ತಿದ್ದಂತೆ ಮಾಯವಾದಳು. "ಅಕ್ಕೋರ, ನಾ ಎಲ್ಲಿದ್ದೀನಿ?" ದನಿಯುಂಟು, ಆಳಿಲ್ಲ. "ಮುಂದ ಬಗ್ರಿ!" ಬಗ್ಗಿದೆ. ಹಸಿರು ಸೀರೆ ಉಟ್ಟ ಮಾಬೂಬಿ ಇಡಿಯಾಗಿ ಅಲ್ಲಿದ್ದಳು. ಆ ಮುದುಕನೂ ಹೀಗೇ ಇದ್ದ. ಕುರುಡಿಯಂತೆ ಓಡಿಸಿದೆನೆಂದು ತಿಂಗಳೆಲ್ಲ ನನ್ನನ್ನೇ ಶಪಿಸಿಕೊಂಡಿದ್ದೆ. ನೋಡುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲೇ ಇಲ್ಲ. ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತೆ.

ಮುಂದಿನ ಸಂತೆಯ ದಿನವೇ ಒಬ್ಬಳೇ ಮಸ್ಕಿಗೆ ಹೊರಟೆ. ತಳ್ಳುಗಾಡಿ, ಆಡಿನ ಮಂದೆ, ಬಸ್ಸು, ಎಲ್ಲ ದಾಟಿದೆ. ತಿರುವಿನಲ್ಲಿ ಮುಂದೆ ಬಗ್ಗಿ ನೋಡಿದರೆ ಕಂಬದ ಮರೆಯಲ್ಲಿ ಬದನೆಕಾಯಿ ಬುಟ್ಟಿ ಹೊತ್ತ ಹೆಂಗಸು! ನಿಲ್ಲಿಸಿದೆ. ಆಕೆ ನನ್ನ ಕಡೆ ತಿರುಗಿಯೂ ನೋಡದೆ ದಾಟಿಹೋದಳು. ಅವಳಿಗೆ ಏನೂ ಗೊತ್ತಾಗಲಿಲ್ಲವೆಂಬುದೇ ನನ್ನ ಗೆಲುವು. ಶಾಲೆಯಂಗಳದಲ್ಲಿ ಬೇವಿನ ಮರದ ಕೆಳಗೆ ರಿವರ್ಸ್ ತೆಗೆದು ನಿಲ್ಲಿಸಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು, "ಡ್ರೈವರ್ ಎಲ್ಲದಾನ್ರಿ ಟೀಚರ್?" ಎಂದು ಕೇಳಿದರು. "ಇಲ್ಲೇ ಅದಾಳ್ರಿ ಸರ್" ಅಂದೆ.

ಸಂಜೆ ಮಾಬೂಬಿಗೆ ಎಲ್ಲ ಹೇಳಿದೆ. ಆಕೆ, "ಇಷ್ಟು ವರ್ಷ ಸೀಟು ಹೊಲಿದೀನಿ. ಒಂದರ ಮ್ಯಾಲೂ ಕುಂತು ಓಡಿಸಿಲ್ರಿ" ಎಂದಳು. ಮುಂದಿನ ಭಾನುವಾರವೇ ಮೈದಾನಕ್ಕೆ ಕರೆದೊಯ್ದು ಕಲಿಸತೊಡಗಿದೆ.

ಶೋರೂಮಿನ ವಿಷಯಕ್ಕೆ ಬರುತ್ತೇನೆ. ಸೇಲ್ಸ್‌ಮನ್, "ಯಜಮಾನ್ರು ಬಂದು ಒಮ್ಮೆ ಓಡಿಸಿ ನೋಡ್ಲಿ" ಎಂದ. "ಓಡಸಾಕಿ ನಾನಪ್ಪ" ಎಂದಳು ಮಾಬೂಬಿ, "ದೀಪ ಬ್ಯಾಡ. ಗಾಜು ದೊಡ್ಡದಿರೋ ಗಾಡಿ ತೋರಸು."

ಇವತ್ತು ಮುಂಜಾನೆ ಮಾಬೂಬಿ ಕೊಂಡ ಬಿಳಿ ಕಾರು ನಮ್ಮ ಬಾಗಿಲಿಗೆ ಬಂತು. "ಲಿಂಗಸುಗೂರಿನಾಗ ತಂಗಿ ಮನಿ ಅದ, ಬರ್ರಿ ಅಕ್ಕೋರ." ನಾನು ಮುಂದೆ ಕೂತೆ. ಚಪ್ಪಲಿ ಮೆಟ್ಟಿಕೊಂಡು ಓಡಿಬಂದ ನಮ್ಮವರಿಗೆ ಆಕೆ, "ಹಿಂದ ಜಾಗಾ ಅದ್ರಿ ಸರ" ಎಂದಳು. ಮಸ್ಕಿ ದಾಟುವವರೆಗೆ ಅವರು ಹಿಂದಿನಿಂದ ಬಗ್ಗಿ ರಸ್ತೆಯನ್ನೇ ನೋಡುತ್ತಿದ್ದರು. ದಾಟಿದ ಮೇಲೆ ಮೆಲ್ಲಗೆ, "ಆಕಿ ನಿನಗಿಂತ ಚಲೋ ಓಡಸ್ತಾಳಲ್ಲ!" ಅಂದರು.

ಕಲಿಸಿದವಳು ನಾನು. ಕಿಟಕಿಯ ಗಾಜು ಇಳಿಸಿ, ಬೀಸಿ ಬಂದ ಗಾಳಿಗೆ ಮುಖವೊಡ್ಡಿ ಜೋರಾಗಿ ನಕ್ಕುಬಿಟ್ಟೆ.