ಅವ್ವ ರುಚಿ ನೋಡಿದ ಮಾತ್ರೆ

ಅದಿರಿನ ಕಾಲದಲ್ಲಿ ಬಳ್ಳಾರಿಯಲ್ಲಿ ಒಬ್ಬನಿಗೆ ತಲೆ ಕೆಟ್ಟರೆ ಗೊತ್ತಾಗುವುದೇ ತಡವಾಗುತ್ತಿತ್ತು. ಊರಿಗೆ ಊರೇ ಹಾಗಿತ್ತು. ಸಿರುಗುಪ್ಪದ ಭತ್ತ ಹೇರುತ್ತಿದ್ದ ಅಣ್ಣನ ಲಾರಿ ಅದಿರು ಹೇರತೊಡಗಿದ ಮೇಲೆ ಅವನು ನಿದ್ದೆ ಬಿಟ್ಟ, ಬಾಯಿ ಮುಚ್ಚದೆ ಮಾತಾಡಿದ, ಕಂಡವರಿಗೆಲ್ಲ ಲಾರಿ ಕೊಡಿಸುತ್ತೇನೆಂದು ಮಾತು ಕೊಟ್ಟ. ಅದೃಷ್ಟ ಒದ್ದುಕೊಂಡು ಬಂತೆಂದು ನಾವು ಹಿಗ್ಗಿದೆವು. ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಬೈಪೋಲಾರ್ ಎಂಬ ಹೆಸರು ಪಾರ್ವತಿನಗರದ ನಮ್ಮ ಮನೆಗೆ ಬಂದದ್ದು ಹಾಗೆ.

ಹಳೆಯ ಮಾತ್ರೆ ನಾಟದಿದ್ದಾಗ, ಹೊಸ ಔಷಧಿಯ ಪರೀಕ್ಷೆಗೆ ಸೇರುತ್ತೀಯಾ ಎಂದು ಡಾಕ್ಟರು ಅಣ್ಣನನ್ನೇ ಕೇಳಿದರು. ಹಳೆಯದರ ಜೊತೆಗೆ ಇನ್ನೊಂದು ಬಿಳಿ ಮಾತ್ರೆ. ಕೆಲವರಿಗೆ ನಿಜವಾದ ಔಷಧಿ, ಕೆಲವರಿಗೆ ಬರೀ ಹಿಟ್ಟು. ಯಾರಿಗೆ ಯಾವುದೆಂದು ಕೊಡುವ ಡಾಕ್ಟರಿಗೂ ತಿಳಿಯದು. ಅಣ್ಣ ಒಪ್ಪಿದ. ಅವ್ವನಿಗೆ ಮಾತ್ರ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಕೆಲವೇ ದಿನಗಳಲ್ಲಿ ಅಣ್ಣ ಎದ್ದು ಕೂತು ರೊಟ್ಟಿ ಕೇಳಿ ಉಂಡ. ನಮಗೆ ಹೋದ ಜೀವ ಬಂದಂತಾಯಿತು. ಆದರೆ ಮನೆಯಲ್ಲಿ ಇನ್ನೇನೋ ಬದಲಾಗಿತ್ತು. ಒಲೆಯ ಮುಂದೆ ಅವ್ವ ಸದಾ ಏನಾದರೂ ಗೊಣಗುತ್ತಿದ್ದಳು, ದೇವರ ಹೆಸರೆಂದೇ ನಾವು ತಿಳಿದಿದ್ದೆವು. ಅದು ನಿಂತುಹೋಗಿತ್ತು. ಮಟಮಟ ಮಧ್ಯಾಹ್ನ ಒಳಗೆ ಹೋದರೆ, ಕೆಂಪು ಧೂಳು ಕೂತ ಕಿಟಕಿಯ ಹತ್ತಿರ, ಯಾರೋ ಎದ್ದುಹೋದ ಜಾಗವನ್ನು ನೋಡುವವಳ ಹಾಗೆ ನಿಂತಿರುತ್ತಿದ್ದಳು. ನನಗೆ ಭಯವಾಗುತ್ತಿತ್ತು.

ಒಂದು ತಿಂಗಳಿಗೆಂದು ಕೊಟ್ಟ ಮಾತ್ರೆ ನಡುವೆಯೇ ಮುಗಿದು, ಮೂವರೂ ಆಸ್ಪತ್ರೆಗೆ ಹೋದೆವು. ಅಣ್ಣನೇ ಹೆಚ್ಚು ನುಂಗಿದ್ದಾನೆಂದು ಡಾಕ್ಟರು ಗದರಿದರು. ಹೀಗಾದರೆ ಪರೀಕ್ಷೆಯಿಂದ ಕೈಬಿಡಬೇಕಾಗುತ್ತದೆ ಎಂದರು. ಅಣ್ಣನ ಮುಖ ಬಿಳಿಚಿಕೊಂಡಿತು. ಆಗ ಅವ್ವ ಬಾಯಿಬಿಟ್ಟಳು. ಮಕ್ಕಳಿಗೆ ಕೊಡುವ ಔಷಧಿಯನ್ನು ತಾಯಿ ಮೊದಲು ರುಚಿ ನೋಡಬೇಕೆಂಬುದು ಅವಳ ಕುರುಗೋಡಿನ ತವರಿನ ಪದ್ಧತಿ. ಹಿಟ್ಟೋ ಔಷಧಿಯೋ ತಿಳಿಯಲೆಂದು ದಿನಾ ಒಂದು ತಾನೂ ನುಂಗಿದ್ದಳು.

"ಅದರಾಗ ಔಷಧಿ ಐತ್ರಿ," ಅಂದಳು. "ನನ್ನ ಮಗನ್ನ ಕೈಬಿಡಬ್ಯಾಡ್ರಿ. ನನ್ನ ಕಿವ್ಯಾಗ ಮಾತಾಡೋರು ಸುಮ್ಮನಾಗ್ಯಾರ."

ಯಾರು ಅವರು ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ಮದುವೆಗೆ ಮೊದಲಿಂದಲೂ ಇದ್ದಾರೆ, ಎಲ್ಲರಿಗೂ ಇರುತ್ತಾರೆಂದುಕೊಂಡಿದ್ದೆ ಎಂದಳು, ಪಕ್ಕದ ಮನೆಯವರ ವಿಷಯ ಹೇಳಿದ ಹಾಗೆ. ಒಲೆಯ ಮುಂದೆ ಅಷ್ಟು ವರ್ಷ ಅವಳು ಉತ್ತರ ಕೊಡುತ್ತಿದ್ದದ್ದು ಅವರಿಗೆ.

ಡಾಕ್ಟರು, ಹಿಟ್ಟಲ್ಲವೆಂದು ಬಯಲಾದ ಮೇಲೆ ಪರೀಕ್ಷೆ ನಡೆಯದು, ಆ ಮಾತ್ರೆ ಇನ್ನು ಇಬ್ಬರಿಗೂ ಇಲ್ಲ, ಬೇರೆ ದಾರಿ ನೋಡೋಣ ಎಂದರು. ಅವ್ವ ಸೆರಗು ಬಿಗಿಯಾಗಿ ಹಿಡಿದುಕೊಂಡಳು.

"ನಿಲ್ಲಿಸಿದ್ರ ಅವರು ಮತ್ತ ಬರ್ತಾರೇನ್ರಿ?"

ಅಣ್ಣ ನೆಲ ನೋಡುತ್ತಲೇ ಹೇಳಿದ:

"ಬರ್ತಾರವ್ವಾ. ನನ್ನ ಕಿವ್ಯಾಗೂ ಬರ್ತಾರ."